ರೌಡಿ ಎಂಬ ಹೆಸರು

ಅಕ್ಕನಿಗೆ ರೌಡಿ ಎಂದು ಹೆಸರಿಟ್ಟವನು ನಾನೇ ಎಂದು ಹೆಣ್ಣು ನೋಡಲು ಬಂದ ಸಿಂದಗಿ ಊರಿನವರ ಮುಂದೆ ನಾನು ಹೇಳಲಿಲ್ಲ.

ಮುದ್ದೇಬಿಹಾಳದ ಬಸ್ಸಿನಲ್ಲಿ ಅಕ್ಕ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದಳು. "ಏಳ್ರೀ, ಆಯಿ ನಿಂತಾಳ, ಕಾಣವಲ್ದೇನು?" ಎಂದು ಗಂಡಸರನ್ನು ಎಬ್ಬಿಸಿ ಮುದುಕಿಯರನ್ನು ಕೂರಿಸುತ್ತಿದ್ದಳು. ನನಗೆ ನಾಚಿಕೆ. ಸಾಲಿ ಬಿಟ್ಟವನಿಗೆ ಗೊತ್ತಿದ್ದ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ ಒಂದನ್ನು ಗೆಳೆಯರ ಮುಂದೆ ಅವಳಿಗೆ ಅಂಟಿಸಿದೆ. ಊರೇ ಹಾಗೆ ಕರೆಯಿತು.

"ಹುಡುಗಿ ರೌಡಿ ಅಂತಲ್ರಿ?" ಎಂದು ಸಿಂದಗಿಯವರು ಕೇಳಿದಾಗ ನಾನು ಚಹಾ ಕುಡಿಯುತ್ತಾ ಕೂತೆ. ಆ ಸಂಬಂಧ ಮುರಿಯಿತು.

ಮೊನ್ನೆ ಅಕ್ಕ ಇಂಡಿ ಊರಿನ ಗಂಡನ ಮನೆಯಿಂದ ಬಂದಿದ್ದಳು. ನನ್ನ ಮಗಳು ಮೊಬೈಲ್ ನೋಡಿ, "ಅತ್ತಿ, ರೌಡಿ ಅಂದ್ರ ಗದ್ದಲ ಮಾಡೋರು. ಮೊದಲ ಅಮೆರಿಕದ ಕಾಡಿನ ಒರಟ ಮಂದಿಗೆ ಅಂತಿದ್ರಂತ. ಶಬ್ದ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲಂತ" ಎಂದಳು.

"ನನಗ ಗೊತ್ತೈತಿ. ನಿಮ್ಮಪ್ಪನ್ನ ಕೇಳು" ಎಂದು ಅಕ್ಕ ನಕ್ಕಳು.

"ತಪ್ಪಾತಕ್ಕಾ. ಅವತ್ತ ನಾ ಬಾಯಿ ಬಿಡಬೇಕಿತ್ತು" ಎಂದೆ.