ಕಾಲದ ಪೊಲೀಸರು ಮತ್ತು ಉಗರಗೋಳದ ಹಾರ

ಮಗಳು ಸಿನಿಮಾಕ್ಕೆ ಹೋಗೋಣ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಅವಳ ಮದುವೆ ಹತ್ತಿರ ಬಂದಿತ್ತು. ಮನೆಯಲ್ಲಿ ಶಾವಿಗೆ ಒಣಗುತ್ತಿತ್ತು, ಮಂಚದ ತುಂಬ ಸೀರೆಗಳು ಬಿದ್ದಿದ್ದವು. ಇಂಥ ಹೊತ್ತಿನಲ್ಲಿ ಯಾವ ಮದುಮಗಳು ತಾಯಿಯನ್ನು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋಗುತ್ತಾಳೆ? ಬೈಲಹೊಂಗಲದ ಟಾಕೀಸಿನ ಬಾಲ್ಕನಿಯಲ್ಲಿ ಅವಳು ನನ್ನ ಕೈ ಹಿಡಿದು ಸಾಲಿನ ಕೊನೆಯವರೆಗೂ ಕರೆದೊಯ್ದಳು. ಕೊನೆಯ ಕುರ್ಚಿಯಲ್ಲಿ ನನ್ನ ತಮ್ಮ ಕೂತಿದ್ದ.

ರಾಮದುರ್ಗದಲ್ಲಿ ಪಂಪಸೆಟ್ಟಿನ ಅಂಗಡಿ ಇಟ್ಟುಕೊಂಡಿರುವ ಈ ನನ್ನ ಒಬ್ಬನೇ ತಮ್ಮನ ಜೊತೆ, ಅಪ್ಪ ತೀರಿಕೊಂಡ ದಿನದಿಂದ ನಾನು ಮಾತು ಬಿಟ್ಟಿದ್ದೆ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಿರುಗಿ ಹೊರಡಬೇಕು ಅನ್ನುವಷ್ಟರಲ್ಲಿ ದೀಪ ಆರಿತು. ಮಗಳು ನಮ್ಮಿಬ್ಬರ ನಡುವೆ ಕೂತು, "ಹೊಡದಾಡೂದಿದ್ರ ಇಂಟರ್‌ವಲ್‌ನ್ಯಾಗ ಹೊಡದಾಡ್ರಿ. ಈಗ ಸುಮ್ನ ಕುಂದರ್ರಿ" ಎಂದಳು.

ಅವಳ ಲೆಕ್ಕಾಚಾರ ನನಗೆ ತಿಳಿಯದ್ದೇನಲ್ಲ. ನಮ್ಮ ಮನೆತನದಲ್ಲಿ ಮದುಮಗಳ ತಲೆಗೆ ಕಟ್ಟುವ ಹೂವಿನ ದಂಡೆಯನ್ನು ಸೋದರಮಾವನೇ ತರಬೇಕು. ತವರಿನ ಹೂವು ಬಾರದೆ ಹುಡುಗಿ ಅಕ್ಷತೆಗೆ ನಿಂತರೆ ಊರೆಲ್ಲ ಬಾಯಿ ಮೇಲೆ ಕೈ ಇಡುತ್ತದೆ. ಇಟ್ಟುಕೊಳ್ಳಲಿ. ಆ ಮನುಷ್ಯನ ಕೈಯಿಂದ ಒಂದು ಎಸಳು ಹೂವೂ ನನ್ನ ಹೊಸ್ತಿಲು ದಾಟಕೂಡದು ಎಂದು ನಾನು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಮಗಳು ಎರಡು ದಿನ ಉಣ್ಣದೆ ಮುನಿಸಿಕೊಂಡಳು. ಮೂರನೆಯ ದಿನ ಎದ್ದು ಈ ಹೂಟ ಹೂಡಿದಳು.

ಸಿನಿಮಾ ಶುರುವಾಯಿತು. ಅದೆಂಥ ಸಿನಿಮಾ! ಮುಂದೆಂದೋ ಒಂದು ಕಾಲದಲ್ಲಿ ಜನ ಒಂದು ಯಂತ್ರ ಕಂಡುಹಿಡಿದಿದ್ದಾರೆ. ಅದರೊಳಗೆ ನಿಂತು ಗುಂಡಿ ಒತ್ತಿದರೆ ಹಿಂದಿನ ಯಾವ ದಿನಕ್ಕೆ ಬೇಕಾದರೂ ಹೋಗಬಹುದು. ಆದರೆ ಹೋಗುವುದು ಅಪರಾಧ. ಹಾಗೆ ಕದ್ದು ಹೋದವರನ್ನು ಹಿಡಿದು ತರಲೆಂದೇ ಒಂದು ಪೊಲೀಸ್ ದಂಡು. ಅದರ ಕ್ಯಾಪ್ಟನ್ನೇ ಹೀರೋ. ಮೈತುಂಬ ಕರಿ ಚರ್ಮದ ಅಂಗಿ, ಎರಡೂ ಕೈಯಲ್ಲಿ ಬಂದೂಕು. ಡಬ್ಬಿಂಗ್ ಮಾಡಿದ ಅವನ ಕನ್ನಡ ಕೇಳಿದರೆ ಬಸ್ ನಿಲ್ದಾಣದ ಮೈಕಿನವಳ ಒಡಹುಟ್ಟಿದವನೇ ಸರಿ ಅನ್ನಿಸುತ್ತಿತ್ತು. "ಗತಿಸಿದ್ದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ" ಎಂದು ಪ್ರತಿ ಸಲ ಹೇಳಿ, ಆಮೇಲೆ ಗುಂಡು ಹಾರಿಸುತ್ತಿದ್ದ. ಕಾರು ಕಾರಿಗೆ ಬಡಿಯುತ್ತಿತ್ತು, ಗಾಜು ಒಡೆಯುತ್ತಿತ್ತು, ನನ್ನ ತಲೆ ಸಿಡಿಯುತ್ತಿತ್ತು.

ಪರದೆಯ ಮೇಲೆ ಅದೇ ಓಣಿ, ಅದೇ ಹೆಂಗಸು ಕೊಡೆ ಬಿಚ್ಚುವ ದೃಶ್ಯ ಎರಡನೆಯ ಸಲ ಬಂದಾಗ ಕೆಳಗೆ ಕೂತ ಮಂದಿ ಸಿಳ್ಳೆ ಹಾಕಿ, "ಏ ಆಪರೇಟರ್, ನೋಡಿದ್ದ ತೋರಸಾಕ ಹತ್ತಿಯಲ್ಲೋ!" ಎಂದು ಒದರಿದರು. ಹೀರೋ ಯಂತ್ರದಲ್ಲಿ ಅದೇ ದಿನಕ್ಕೆ ಮತ್ತೆ ಬಂದಿದ್ದಾನೆ ಎಂದು ಅವರಿಗೆ ಯಾರು ಹೇಳಬೇಕು? ನನ್ನ ತಮ್ಮ ಹೋ ಎಂದು ನಕ್ಕ. ಅವನ ನಗು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯನಿಗೆ ನಗು ಎಲ್ಲಿಂದ ಬರುತ್ತದೆ?

ಒಂದು ವಿಷಯದಲ್ಲಿ ಮಾತ್ರ ನನಗೂ ಆ ಕ್ಯಾಪ್ಟನ್ನನಿಗೂ ಒಮ್ಮತವಿತ್ತು. ಆಗಿದ್ದು ಆಯಿತು, ಅದನ್ನು ಯಾರೂ ತಿದ್ದಕೂಡದು. ನನ್ನ ತಮ್ಮ ಅಪ್ಪನಿಗೆ ಮಾಡಿದ್ದನ್ನು ನಾನು ಹಾಗೆಯೇ ಕಾಪಾಡಿಕೊಂಡು ಬಂದಿದ್ದೆ.

ಅವನು ಮಾಡಿದ್ದು ಇದು. ಅಪ್ಪ ಕೊನೆಯ ದಿನಗಳಲ್ಲಿ ಬೈಲಹೊಂಗಲದಲ್ಲಿ ನನ್ನ ಮನೆಯಲ್ಲೇ ಇದ್ದ. ಒಂದು ಬೆಳಿಗ್ಗೆ ಜ್ವರದಲ್ಲಿ ಎಚ್ಚರ ತಪ್ಪಿದ. ಡಾಕ್ಟರು ಮನೆಗೇ ಬಂದು ಸಲೈನ್ ಹಚ್ಚಿ, ಹೆದರುವಂಥದ್ದೇನಿಲ್ಲ ಎಂದರು. ಆದರೂ ಗಂಡುಮಗ ಒಬ್ಬ ಇದ್ದಾನಲ್ಲ, ತಿಳಿಸೋಣ ಎಂದು ರಾಮದುರ್ಗಕ್ಕೆ ಫೋನ್ ಮಾಡಿದೆ. "ಅಪ್ಪಗ ಒಂದೀಟ ಆರಾಮಿಲ್ಲ. ಗಾಬ್ರಿ ಆಗಬ್ಯಾಡ, ಸಾವಕಾಶ ಬಾ" ಎಂದೆ. ಅಷ್ಟೇ ಹೇಳಿದ್ದು.

ಈಗ ನಮ್ಮ ಕಡೆಯ ರೀತಿ ಹೇಳಬೇಕು. ಸಾವಿನ ಸುದ್ದಿಯನ್ನು ದೂರ ಇದ್ದವರಿಗೆ ಫೋನಿನಲ್ಲಿ ಯಾರೂ ನೇರ ಹೇಳುವುದಿಲ್ಲ, ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂಬ ಭಯ. ಆರಾಮಿಲ್ಲ, ಗಾಬರಿಯಾಗಬೇಡ, ಬಾ ಅನ್ನುತ್ತಾರೆ. ಕೇಳಿದವರು ಜೀವ ಇದೆಯೇ ಎಂದು ತಿರುಗಿ ಕೇಳುವುದಿಲ್ಲ, ಅಂಥ ಮಾತನ್ನು ಬಾಯಿಂದ ಆಡಬಾರದು. ಸುಮ್ಮನೆ ಹೊರಡುತ್ತಾರೆ. ಅದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ನಾನು ಹೇಳಿದ್ದು ಇದ್ದದ್ದನ್ನು ಇದ್ದ ಹಾಗೆ. ಆರಾಮಿಲ್ಲ ಅಂದರೆ ಆರಾಮಿಲ್ಲ. ಅದಕ್ಕೆ ಬೇರೆ ಏನು ಹೇಳಬೇಕಿತ್ತು?

ಅವನು ಅಪ್ಪ ಹೋದ ಎಂದೇ ತಿಳಿದ. ಒಂದು ಕ್ರೂಸರ್ ಗಾಡಿ ಮಾಡಿ ಸಾಲಹಳ್ಳಿಯ ದಾಯಾದಿಗಳನ್ನು ತುಂಬಿಕೊಂಡ. ಉಗರಗೋಳದಲ್ಲಿ ನಮ್ಮ ಅತ್ತಿಯನ್ನು, ಅಂದರೆ ಅಪ್ಪನ ತಂಗಿಯನ್ನು, ಹತ್ತಿಸಿಕೊಂಡ. ಅಲ್ಲೇ, ದೇವಿಯ ಗುಡ್ಡಕ್ಕೆ ಹೋಗುವವರಿಗೆಂದು ಹೂವು ಕಟ್ಟುವ ಅಂಗಡಿಯಲ್ಲಿ, ಆಳೆತ್ತರದ ಚೆಂಡುಹೂವಿನ ಹಾರ ಕೊಂಡ. ಸವದತ್ತಿ ದಾಟಿ ಬಂದ ಆ ಗಾಡಿ ನಮ್ಮ ಓಣಿಯ ಮೂಲೆಯಲ್ಲಿ ನಿಂತದ್ದೇ ತಡ, ಹೆಂಗಸರು ಇಳಿಯುತ್ತಲೇ ರಾಗ ಎಳೆದು ಅಳಲು ಶುರು ಮಾಡಿದರು. ಪಡಸಾಲೆಯ ಮಂಚದ ಮೇಲೆ ಅಪ್ಪ ಆಗತಾನೇ ಗಂಜಿ ಕುಡಿದು ಮಲಗಿದ್ದ.

ನಾನು ಸೌಟು ಹಿಡಿದುಕೊಂಡೇ ಬೀದಿಗೆ ಓಡಿದೆ. "ಬಾಯಿ ಮುಚ್ರಿ, ಜೀವಂತ ಅದಾನ!" ಎಂದು ಚೀರಿದೆ. ಉಗರಗೋಳದ ಅತ್ತಿ ಶುರು ಮಾಡಿದ ಅಳು ನಿಲ್ಲಿಸಲಾರದೆ, ಬಿಕ್ಕುತ್ತಲೇ, "ಚಲೋ ಆತಲ್ಲವಾ, ಚಲೋ ಆತು" ಎಂದಳು. ಅವರನ್ನೆಲ್ಲ ಸುಮ್ಮನಾಗಿಸಿ, ನೆರೆಯವರನ್ನು ಅವರವರ ಮನೆಗೆ ಕಳಿಸಿ ನಾನು ಬರುವಷ್ಟರಲ್ಲಿ ತಮ್ಮ ಹಾರದ ಸಮೇತ ಒಳಗೆ ಹೋಗಿಬಿಟ್ಟಿದ್ದ. ಹಾರ ಬಾಗಿಲ ಹಿಂದೆ ಬಿದ್ದಿತ್ತು. ಅವನು ಮಂಚದ ಕಾಲುದೆಸೆಗೆ ತಲೆ ತಗ್ಗಿಸಿ ಕೂತಿದ್ದ. ಅಪ್ಪ ಗೋಡೆಯ ಕಡೆ ಮುಖ ಮಾಡಿ, ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದ. ಅವನ ಹೆಗಲು ಅಲುಗುತ್ತಿತ್ತು. ತನ್ನ ಹೆಣಕ್ಕೆ ತಂದ ಹಾರವನ್ನು ಕಣ್ಣಾರೆ ನೋಡಿದ ಮುದುಕ ಇನ್ನೇನು ಮಾಡಬೇಕು? ಆ ಸಂಜೆ, ಬರೀ ಗಂಜಿ ಕುಡಿಯುವ ಅಪ್ಪನ ಬಾಯಲ್ಲಿ ಹಲ್ಲಿನ ಸೆಟ್ಟು ಇತ್ತು. ಬಂದ ಮಂದಿಗೆ ಹೆಣದ ಹಾಗೆ ಕಾಣಬಾರದೆಂದು ಪಾಪ ಹಾಕಿಕೊಂಡಿದ್ದಾನೆ ಎಂದುಕೊಂಡು ನಾನೂ ಅತ್ತೆ.

ಅದಾದ ಮೇಲೆ ಅಪ್ಪ ಹೆಚ್ಚು ದಿನ ಉಳಿಯಲಿಲ್ಲ. ಇದ್ದಷ್ಟು ದಿನ ನಾನು ಅವನ ಮಂಚದ ಪಕ್ಕದಲ್ಲಿ ಕೂತು ತಮ್ಮನನ್ನು ಬೈದೆ. "ಹೋಗ್ಲಿ ಬಿಡವಾ" ಅನ್ನುತ್ತಿದ್ದ, ನಾನು ಬಿಡಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ತಮ್ಮ ಮತ್ತೊಂದು ಹಾರ ತಂದ. ಎಲ್ಲರೆದುರು ಅವನ ಕೈ ತಡೆದು, "ನಿಂದು ಆಗಲೇ ಹಾಕಿ ಆಗೇತಿ. ಹಿಂದಕ್ಕ ಒಯ್ಯಿ" ಎಂದೆ. ಅದೇ ನಮ್ಮ ಕೊನೆಯ ಮಾತು. ಅಂದದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಲಿಲ್ಲ.

ಇಂಟರ್‌ವಲ್ ಮುಗಿದು ಪರದೆಯ ಮೇಲೆ ಇನ್ನೊಬ್ಬ ಅಪರಾಧಿ ಬಂದಿದ್ದ. ವಯಸ್ಸಾದವನು. ಅವನು ಯಂತ್ರ ಕದ್ದು ಹಿಂದಕ್ಕೆ ಹೋದದ್ದು ಏನನ್ನೂ ಬದಲಿಸಲಿಕ್ಕಲ್ಲ. ತನ್ನ ಹಳೆಯ ಮನೆಯ ಕಿಟಕಿಯ ಹೊರಗೆ ನಿಂತು, ಒಳಗೆ ಊಟ ಮಾಡುತ್ತಿದ್ದ ತನ್ನವರನ್ನು ನೋಡುತ್ತಿದ್ದ, ಅಷ್ಟೇ. ಕ್ಯಾಪ್ಟನ್ ಬಂದು ಅವನ ಕೈಗೂ ಕೋಳ ಹಾಕಿದ. "ಬಿಡಲೇ, ನೋಡ್ಲಿ ಪಾಪ!" ಎಂದು ನನ್ನ ತಮ್ಮ ಕುರ್ಚಿಯಿಂದ ಅರ್ಧ ಎದ್ದು ಕೂಗಿದ. ಮುಂದಿನ ಸಾಲಿನವರು ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು. ಅದೇ ಮಾತು ನನ್ನ ಬಾಯಲ್ಲೂ ಬಂದಿತ್ತು ಅನ್ನುವುದು ಬೇರೆ ವಿಷಯ, ನಾನು ಅದನ್ನು ನುಂಗಿಕೊಂಡೆ.

ಆಟ ಬಿಟ್ಟ ಮೇಲೆ ಮಗಳು ನಮ್ಮನ್ನು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ, ತಾನು ಬಳೆ ನೋಡುತ್ತೇನೆಂದು ಪಕ್ಕದ ಅಂಗಡಿಗೆ ಹೋದಳು. ನಾನು ರಸ್ತೆ ನೋಡುತ್ತ ಕೂತೆ. ತಮ್ಮ ಚಹಾ ಊದಿದ. ಕುಡಿಯಲಿಲ್ಲ.

"ಅಕ್ಕಾ, ಅಂಥಾ ಮಶೀನ್ ಸಿಕ್ಕಿದ್ರ ನಾ ಆ ಹಾರ ಸವದತ್ತ್ಯಾಗ ಒಗದ ಬರತಿದ್ದೆ" ಎಂದ.

"ಹಾರ ಒಗೀತಿದ್ದಿ. ಆ ಅಳು ಎಲ್ಲಿ ಒಗೀತಿದ್ದಿ?" ಎಂದೆ. ಅವನ ಜೊತೆ ಮಾತಾಡಿಬಿಟ್ಟೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. "ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ ಅತ್ತಾನ. ನಾ ಕಣ್ಣಾರೆ ನೋಡೇನಿ. ನೀ ಅವನ್ನ ಅಳಿಸಿ ಕಳಿಸಿದಿ."

ಅವನು ಗ್ಲಾಸು ಕೆಳಗಿಟ್ಟ. "ಅತ್ತಾನ ಅಂತ ಯಾರ ಹೇಳಿದ್ರು?"

"ನಾ ನೋಡೇನಲ್ಲ!"

"ನಕ್ಕನವಾ ಅಕ್ಕಾ. ಹಾರ ನೋಡಿ ಹೊಟ್ಟಿ ಹಿಡಕೊಂಡು ನಕ್ಕ. ಹೂವ ಭಾಳ ಚಲೋ ಅದಾವ, ಎಷ್ಟ ಕೊಟ್ಟಿ, ಅಂದ."

ಸುಳ್ಳ ಎಂದೆ. ಕಳ್ಳ ಎಂದೆ. ಸತ್ತವರ ಹೆಸರಿನಲ್ಲಿ ಕಥೆ ಕಟ್ಟುತ್ತೀಯಲ್ಲ, ನಾಲಿಗೆಗೆ ಹುಳ ಬೀಳಲಿ ಎಂದೆ. ಚಹಾದವನು ಒಲೆ ಸಣ್ಣ ಮಾಡಿ ನೋಡುತ್ತ ನಿಂತ. ತಮ್ಮ ಎಲ್ಲವನ್ನೂ ಕೇಳಿಸಿಕೊಂಡ.

"ಹಲ್ಲ ಯಾರ ಹಾಕಿದ್ರು ಮತ್ತ?" ಎಂದ ಆಮೇಲೆ. "ಇಷ್ಟ ಮಂದಿ ಕೂಡೇತಿ, ಬೊಚ್ಚ ಬಾಯಾಗ ಹೆಂಗ ನಗಲಿ, ಸೆಟ್ ತಾ ಅಂದ. ನಾನ ಅಡಗಿಮನ್ಯಾಗ ಹೋಗಿ ಮ್ಯಾಲಿನ ಹಲಗಿ ಮ್ಯಾಲಿದ್ದ ಸ್ಟೀಲಿನ ಗ್ಲಾಸ್ ತಂದೆ. ತೊಳದು ನಾನ ಹಾಕಿದೆ. ನಿನ್ನ ಹೆಜ್ಜಿ ಸಪ್ಪಳ ಕೇಳೂದ ತಡ, ಟವೆಲ್ ಬಾಯಿಗೆ ಒತ್ತಿಕೊಂಡು ಗ್ವಾಡಿ ಕಡೆ ಹೊಳ್ಳಿದ."

ಆ ಗ್ಲಾಸನ್ನು ಮೇಲಿನ ಹಲಗೆಯ ಮೇಲೆ ಇಟ್ಟವಳು ನಾನೇ. ಏಳಲಾಗದ ಅಪ್ಪ ಅದನ್ನು ತೆಗೆದುಕೊಳ್ಳುವಂತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಹಲ್ಲಿನ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಇಷ್ಟು ವರ್ಷ ಅದನ್ನು ನೆನೆದು ಅತ್ತಿದ್ದೆ, ಹೇಗೆ ಬಂತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನನಗ್ಯಾಕ ಮುಚ್ಚಿಟ್ಟ?" ಎಂದೆ. ಅಪ್ಪನ ಮೇಲೂ ಸಿಟ್ಟು ಬಂತು.

"ಅಕ್ಕಗ ಹೇಳಬ್ಯಾಡ ಅಂದ. ನಾ ನಕ್ಕಿದ್ದು ಗೊತ್ತಾದ್ರ ಆಕಿ ನನಗೂ ಬೈತಾಳ ಅಂದ."

"ಮಣ್ಣಾದ ಮ್ಯಾಲರೆ ಹೇಳಬೇಕಿಲ್ಲ ನೀನು?"

"ನೀ ಮಾತಾಡಿಸಿದ್ರ ಹೇಳತಿದ್ದೆ" ಎಂದ.

ರಾಮದುರ್ಗದ ಬಸ್ಸು ಹೊರಡಲಿಕ್ಕೆ ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಎದ್ದು ಹೋಗಿ ಕೆಳಗೆ ನಿಂತೆ. ಅವನನ್ನು ನಾನು ಕ್ಷಮಿಸಿರಲಿಲ್ಲ, ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅಪ್ಪನ ಆ ನಗುವನ್ನು ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡವನು ಅವನು. ನನ್ನ ಪಾಲಿಗೆ ಬರೀ ಅಳು ಬಿಟ್ಟಿದ್ದ.

"ಹೂವಿನ ದಂಡಿ ಎಲ್ಲಿಂದ ತರತಿ?" ಎಂದೆ.

ಅವನು ನನ್ನ ಮುಖ ನೋಡಿದ. "ಉಗರಗೋಳದಿಂದ. ಅದ ಅಂಗಡಿ. ಹೂವ ಚಲೋ ಕಟ್ತಾರ."

"ತಾ. ಓಣಿ ಮೂಲ್ಯಾಗಿಂದ ಅಳಕೋತ ಮಾತ್ರ ಬರಬ್ಯಾಡ್ರಿ."

ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ಹೆಗಲು ಅಲುಗುತ್ತಿದ್ದುದು ತಿರುವಿನವರೆಗೂ ಕಂಡಿತು. ನಾನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಲ್ದಾಣದ ಗೋಡೆಯ ಕಡೆ ತಿರುಗಿದೆ. ಮಗಳು ಬಳೆಯ ಪೊಟ್ಟಣ ಹಿಡಿದು ಹಿಂದಿನಿಂದ ಓಡಿ ಬಂದಳು.

"ಅವ್ವಾ, ಅಳಾಕ ಹತ್ತಿಯೇನ? ನಗಾಕ ಹತ್ತಿಯೇನ?" ಎಂದಳು.

ಆ ದಿನ ಗೋಡೆಗೆ ತಿರುಗಿದ್ದ ಅಪ್ಪನನ್ನು ನಾನು ಈ ಒಂದು ಮಾತನ್ನೂ ಕೇಳಿರಲಿಲ್ಲ.