ಟಿಲ್ಲಿಯ ಇಮೇಲು, ಮೇವಿಸಳ ಹೊಟ್ಟೆಕಿಚ್ಚು

ಥಾರ್ನ್‌ಕ್ಲಫ್ ಊರಿನ ಮಿಲ್ ಬೀದಿಯಲ್ಲಿ ಯಾರಿಗೆ ಏನೇ ದೂರಿದ್ದರೂ ಅದನ್ನು ಬರೆದುಕೊಡುತ್ತಿದ್ದವಳು ಮೇವಿಸ್ ಹೆಪ್‌ವರ್ತ್. ಉಣ್ಣೆ ಮಿಲ್ಲು ಮುಚ್ಚಿದ ಮೇಲೆ ಕಂಡವರ ಮಕ್ಕಳನ್ನು ನೋಡಿಕೊಂಡು ಬದುಕಿದ ಹೆಂಗಸು. ಕೌನ್ಸಿಲ್ಲಿನವರು ಕಿತ್ತುಹಾಕಿದ್ದ ಬಸ್ ಸ್ಟಾಪನ್ನು ಒಂದೇ ಇಮೇಲಿನಿಂದ ವಾಪಸ್ ತರಿಸಿದ್ದಳು. ಗೋಗರೆಯಬಾರದು, ಬೈಯಲೂಬಾರದು, ಎದುರಿನವರು ತಕರಾರು ತೆಗೆಯುವ ಮೊದಲೇ ಅದಕ್ಕೆ ಉತ್ತರ ಕೊಟ್ಟುಬಿಡಬೇಕು ಎಂಬುದೇ ಅವಳ ವಿದ್ಯೆ. ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು.

ಈಗ ಅವಳ ಬಳಿ ಉಳಿದಿದ್ದುದು ಒಂದೇ ಮಗು, ಒಂಬತ್ತು ವರ್ಷದ ಟಿಲ್ಲಿ. ಅವಳ ತಾಯಿ ನರ್ಸು. ಮಂಗಳವಾರ, ಗುರುವಾರ ತಾಯಿ ಕೆಲಸದಿಂದ ಬರುವವರೆಗೆ ಟಿಲ್ಲಿ ಮೇವಿಸಳ ಅಡುಗೆಮನೆಯಲ್ಲಿ. ವಾರದ ಮಿಕ್ಕ ದಿನಗಳನ್ನು ಮೇವಿಸ್ ಹೇಗೋ ತಳ್ಳುತ್ತಿದ್ದಳು.

ಆ ಮಂಗಳವಾರ ಟಿಲ್ಲಿ ಹೋಂವರ್ಕ್ ತಂದಿದ್ದಳು. ದೊಡ್ಡವರೊಬ್ಬರ ಮನವೊಲಿಸುವಂತೆ ಗೌರವದಿಂದ ಇಮೇಲ್ ಬರೆಯಬೇಕು.

"ಯಾರಿಗೆ ಬರೀತೀಯೇ?"

"ಕ್ರಾಬ್‌ಟ್ರೀ ಸರ್‌ಗೆ. ಹತ್ತು ತುಂಬಿದೋರನ್ನೇ ಬ್ಯಾಂಡಿಗೆ ಸೇರಿಸ್ಕೊಳ್ಳೋದಂತೆ. ನನ್ನ ಈಗ್ಲೇ ಸೇರಿಸ್ಕೊಳ್ಳಿ ಅಂತ. ನಿಜವಾಗ್ಲೂ ಕಳಿಸ್ತೀನಿ, ಆಂಟಿ. ಅಮ್ಮಾನೂ ಹೂಂ ಅಂದ್ಲು."

"ಪ್ರಾಕ್ಟೀಸ್ ಯಾವತ್ತು?"

"ಮಂಗಳವಾರ, ಗುರುವಾರ."

ಶುಂಠಿ ಕೇಕು ಕೊಯ್ಯುತ್ತಿದ್ದ ಮೇವಿಸಳ ಕೈ ನಿಂತಿತು. ಊರಿನ ತುತ್ತೂರಿ ಬ್ಯಾಂಡು ನಡೆಸುವ ಈ ಬೋಳುತಲೆಯ ಕ್ರಾಬ್‌ಟ್ರೀ ಶಾಲೆಗೆ ಬಂದು ತುತ್ತೂರಿ ಊದಿ ಹೋದ ದಿನದಿಂದ ಮಗುವಿನ ಬಾಯಲ್ಲಿ ಅವನದೇ ಜಪ. ಸರ್ ಹಾಗಂದ್ರು, ಸರ್ ಹೀಗಂದ್ರು. ಹಾಲುಹಲ್ಲಿನ ಕಾಲದಿಂದ ಸಾಕಿದ್ದು ತಾನು, ಎರಡು ರಾಗ ಊದಿ ಎತ್ತಿಕೊಂಡು ಹೋಗುವವನು ಅವನು. ಅವಳ ಹೊಟ್ಟೆ ಉರಿಯಿತು.

ಟಿಲ್ಲಿ ಬರೆದು ತೋರಿಸಿದಳು. ಕೊನೆಯಲ್ಲಿ ಹೀಗಿತ್ತು: "ದಯವಿಟ್ಟು, ದಯವಿಟ್ಟು. ಇಲ್ಲವೆಂದರೆ ನಾನು ತುಂಬಾ ಅಳುತ್ತೇನೆ."

ಇಂಥದ್ದನ್ನು ಓದಿದರೆ ಕ್ರಾಬ್‌ಟ್ರೀ ನಕ್ಕು ಸುಮ್ಮನಾಗುತ್ತಾನೆಂದು ಮೇವಿಸಳಿಗೆ ಚೆನ್ನಾಗಿ ಗೊತ್ತಿತ್ತು.

"ಚೆನ್ನಾಗಿದೆ," ಎಂದಳು. "ಹಾಗೇ ಕಳಿಸು."

ಟಿಲ್ಲಿ ಹುಬ್ಬು ಗಂಟಿಕ್ಕಿದಳು. "ಗೋಗರೀಬಾರ್ದು ಅಂತ ನೀವೇ ಹೇಳಿದ್ರಲ್ಲ, ಬಸ್ ಸ್ಟಾಪ್ ವಿಷಯದಲ್ಲಿ?" ಎಂದು ತಾನೇ ಆ ಸಾಲು ಅಳಿಸಿದಳು. "ಅವ್ರು ಏನಂತ ತಕರಾರು ತೆಗೀಬಹುದು?"

ಮೇವಿಸಳ ವಿದ್ಯೆ ಅವಳಿಗೇ ತಿರುಗಿಬಿದ್ದಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಆ ಕಣ್ಣುಗಳನ್ನು ನೋಡಿಕೊಂಡು ಎರಡನೇ ಸಲ ಬಾಯಿ ಬರಲಿಲ್ಲ.

"ಚಿಕ್ಕ ಮಕ್ಳು ನಾಲ್ಕು ದಿನ ಬಂದು ಬೇಜಾರಾಗಿ ತಪ್ಪಿಸ್ಕೋತಾರೆ ಅಂತಾನೆ."

ಟಿಲ್ಲಿ ನಾಲಿಗೆ ಕಚ್ಚಿಕೊಂಡು ಟೈಪು ಮಾಡಿ, ಗಟ್ಟಿಯಾಗಿ ಓದಿದಳು. "ನಾನು ಚಿಕ್ಕವಳು, ಬರುವುದನ್ನು ನಿಲ್ಲಿಸಬಹುದು ಎಂದು ನಿಮಗೆ ಅನ್ನಿಸಬಹುದು. ನಾನು ಒಂದು ದಿನವೂ ತಪ್ಪಿಸುವುದಿಲ್ಲ. ಮಂಗಳವಾರ ಮತ್ತು ಗುರುವಾರ ಸಂಜೆ ನನಗೆ ಬೇರೆ ಏನೂ ಇರುವುದಿಲ್ಲ."

ಮೇವಿಸ್ ಕೇಕಿನ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು.

"ಸರಿ ಇದ್ಯಾ ಆಂಟಿ? ಕೊನೇ ಸಾಲು ತೆಗೀಲಾ?"

"ಬೇಡ," ಎಂದಳು ಮೇವಿಸ್. "ಅದೊಂದಿದ್ರೆ ಸಾಕು, ಅವನು ಒಪ್ತಾನೆ."

ಟಿಲ್ಲಿ ಕಳಿಸಿಬಿಟ್ಟಳು.