ಮೋರಿಯೊಳಗೆ ನುಗ್ಗಿದ ನಾಲೆ ನೀರು

ಕಳೆದ ವರ್ಷದ ಬೇಸಿಗೆ. ನನ್ನ ಗೆಳೆಯ ಸತೀಶನಿಗೆ ನೆಲದಡಿಯ ಮೋರಿಗಳ ಫೋಟೊ ತೆಗೆಯುವ ಹುಚ್ಚು. ಜನ ಬೆಟ್ಟ ಹತ್ತಿ ಫೋಟೊ ತೆಗೆದರೆ ಈ ಪುಣ್ಯಾತ್ಮ ಚರಂಡಿಗೆ ಇಳಿಯುತ್ತಿದ್ದ. ಮಂಡ್ಯದ ಹೊರಗೆ ಹೊಳಲು ಕಡೆಯ ದಾರಿಯಲ್ಲಿ, ಮಳೆನೀರು ಹರಿಯಲೆಂದು ರಸ್ತೆಯಡಿ ಕಟ್ಟಿದ ಉದ್ದನೆಯ ಹಳೇ ಮೋರಿಯೊಂದಿದೆ. ಒಳಗಿನ ಕಲ್ಲಿನ ಕಮಾನು ನೋಡಬೇಕು ಎಂದು ನನ್ನನ್ನೂ ಎಳೆದುಕೊಂಡು ಹೋದ. ನಾನು ಮೋರಿಯ ಬಾಯಲ್ಲೇ ಅನುಮಾನಿಸುತ್ತಾ ನಿಂತೆ.

"ಆಕಾಸ ನೋಡ್ಲಾ, ಒಂದು ಮೋಡ ಇಲ್ಲ. ನೀರು ಎಲ್ಲಿಂದ ಬತ್ತದೆ? ಬಾ ಸುಮ್ನೆ" ಅಂದ.

ನಾವಿಬ್ಬರೂ ಹುಟ್ಟಿ ಬೆಳೆದಿದ್ದು ಮಂಡ್ಯದಲ್ಲೇ. ನಮ್ಮ ಕಡೆ ನೀರು ಮೋಡದಿಂದ ಬರುವುದಕ್ಕಿಂತ ನಾಲೆಯಿಂದ ಬರುವುದೇ ಹೆಚ್ಚು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಬಗ್ಗಿಕೊಂಡು ಬಹಳ ದೂರ ಹೋದೆವು. ನಾನು ಟಾರ್ಚ್ ಹಿಡಿದೆ, ಅವನು ಫೋಟೊ ತೆಗೆಯುತ್ತಾ ಕೂತ. ಪಾದ ಒದ್ದೆಯಾಯಿತು. ನೋಡನೋಡುತ್ತಲೇ ನೀರು ಮೊಣಕಾಲಿಗೆ, ಸೊಂಟಕ್ಕೆ ಏರಿತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸತೀಶನ ಕ್ಯಾಮೆರಾ ಎಲ್ಲಿ ಹೋಯಿತೋ. ತಲೆಯ ಮೇಲೆ ರಸ್ತೆಬದಿಯ ಕಬ್ಬಿಣದ ಜಾಲರಿಯಿತ್ತು. ಅದರ ಸರಳಿಗೆ ಜೋತುಬಿದ್ದು ಗಂಟಲು ಹರಿಯುವಂತೆ ಕೂಗಿದೆವು. ನಮ್ಮ ಕಥೆ ಮುಗಿಯಿತು ಎಂದೇ ಅಂದುಕೊಂಡೆ.

ಜಾಲರಿಯ ಮೇಲೆ ಹೆಂಗಸಿನ ಮುಖವೊಂದು ಬಗ್ಗಿತು. "ಅಯ್ಯೋ ಸಿವ್ನೆ, ಯಾರ್ಲಾ ಒಳ್ಗೆ?" ಅಂದವಳು ಉತ್ತರಕ್ಕೂ ಕಾಯದೆ ಓಡಿದಳು. ಹೆದರಿ ಬಿಟ್ಟುಹೋದಳೆಂದು ತಿಳಿದೆವು. ಆದರೆ ಸ್ವಲ್ಪ ಹೊತ್ತಿಗೆ ನೀರು ಇಳಿಯತೊಡಗಿತು. ಗೋಡೆ ತಡವುತ್ತಾ ಹೊರಬಂದರೆ ಆಕೆ ಮೋರಿಯ ಬಾಯಲ್ಲಿ ನಿಂತಿದ್ದಳು. ಸೀರೆಯೆಲ್ಲ ಕೆಸರು. ಬಾಯಿಗೆ ಬಂದಂತೆ ಬೈಯುತ್ತಾಳೆ ಅಂದುಕೊಂಡೆ. ಆಕೆ ನಮ್ಮಿಬ್ಬರ ಮುಖವನ್ನೂ ಮುಟ್ಟಿ ಮುಟ್ಟಿ ನೋಡಿ ಅಲ್ಲೇ ಕುಸಿದು ಕೂತಳು.

"ನಾನೇ ಕಣ್ರಪ್ಪ ನಾಲೆ ತೂಬು ಎತ್ತಿದ್ದು. ಕಬ್ಬು ಒಣುಗ್ತದೆ ಅಂತ ಈ ಮೋರಿಲೇ ನೀರು ಆಯಿಸ್ಕತೀವಿ. ನಿಮ್ ಕೂಗು ಕೇಳಿ ಓಡೋಗಿ ಮುಚ್ಚುದೆ. ನಿಮ್ಗೇನಾರಾ ಆಗಿದ್ರೆ ನಾನು ಯಾವ ಮೊಕ ಇಟ್ಕೊಂಡು ಬದುಕ್ಲಿ?"

"ತಪ್ಪು ನಮ್ದು ಕಣಮ್ಮ" ಎಂದು ಸತೀಶ ಎಷ್ಟು ಹೇಳಿದರೂ ಆಕೆಗೆ ಕೇಳಿಸಲಿಲ್ಲ. ಸಾಯಲಿದ್ದ ನಾವೇ ಆಕೆಯನ್ನು ಸಮಾಧಾನ ಮಾಡುತ್ತಾ ಕೂತೆವು.

ಏನಾದರೂ ಆದರೆ ನಮಗೆ ತಾನೇ ಎಂಬ ಉಡಾಫೆ ನಮ್ಮದಾಗಿತ್ತು. ಕಬ್ಬಿಗೆ ನೀರು ಬಿಟ್ಟ ಒಬ್ಬ ತಾಯಿ ಬದುಕಿರುವಷ್ಟು ಕಾಲವೂ ನಮ್ಮ ಹೆಣ ಹೊರಬೇಕಾಗುತ್ತಿತ್ತು ಎಂದು ಯೋಚಿಸಿಯೇ ಇರಲಿಲ್ಲ. ಆಕೆಯ ಕೆಸರು ಕೈ ನನ್ನ ಕೆನ್ನೆ ಮುಟ್ಟಿದ್ದನ್ನು ಈಗಲೂ ಮರೆತಿಲ್ಲ.